ಮಳೆಗೊಂದು ವೇಗ, ಮಂಜಿಗೊಂದು ವೇಗ

ಕೆಟ್ಟ ಹವೆಯಲ್ಲಿ ಸುರಕ್ಷಿತ ವೇಗವೆಂದರೆ ಚಾಲಕನ ಕಣ್ಣಿಗೆ ಕಾಣುವ ದೂರದೊಳಗೇ ವಾಹನ ನಿಲ್ಲಬಲ್ಲ ವೇಗ. ಅದನ್ನು ಮುಖ್ಯವಾಗಿ ಎರಡು ಸಂಗತಿಗಳು ನಿರ್ಧರಿಸುತ್ತವೆ: ಎದುರಿಗೆ ಎಷ್ಟು ದೂರ ಕಾಣುತ್ತದೆ, ಟಯರಿಗೆ ರಸ್ತೆಯ ಮೇಲೆ ಎಷ್ಟು ಹಿಡಿತವಿದೆ. ಎರಡೂ ಗಳಿಗೆಗೊಮ್ಮೆ ಬದಲಾಗುತ್ತವೆ, ಒಂದೇ ರಸ್ತೆಯಲ್ಲಿ ಐದಾರು ಕಿ.ಮೀ.ಗೊಮ್ಮೆ ಬದಲಾಗುತ್ತವೆ. ರಸ್ತೆ ಬದಿಯ ಫಲಕದ ಮೇಲಿನ ಸಂಖ್ಯೆ ಮಾತ್ರ ಬಿಸಿಲಿಗೂ ಮಳೆಗೂ ಒಂದೇ. ಈ ಎರಡು ಅಳತೆಗಳನ್ನು ಆಗಿಂದಾಗಲೇ ಅಂದಾಜು ಮಾಡಿ, ರಸ್ತೆಯ ಒಂದೊಂದು ತುಂಡಿಗೂ ತಕ್ಕ ವೇಗ ಸೂಚಿಸುವ ಕೆಲಸಕ್ಕೆ ಯಂತ್ರಕಲಿಕೆಯನ್ನು, ಅಂದರೆ ಮಷಿನ್ ಲರ್ನಿಂಗನ್ನು, ಬಳಸುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ. ಹಾವೇರಿ ಜಿಲ್ಲೆಯನ್ನು ಸೀಳಿಕೊಂಡು ಹೋಗುವ ಪುಣೆ–ಬೆಂಗಳೂರು ಹೆದ್ದಾರಿಗೆ ಇದು ಹೇಗೆ ಒಗ್ಗೀತು ಎಂದು ನೋಡಿದರೆ ಈ ತಂತ್ರದ ಶಕ್ತಿಯೂ ಮಿತಿಯೂ ಎರಡೂ ತಿಳಿಯುತ್ತವೆ.

ಹಳಬರು ಇವತ್ತಿಗೂ ನಾಲ್ಕನೇ ನಂಬರಿನ ಹೆದ್ದಾರಿ ಎನ್ನುವ ಈ ರಸ್ತೆಗೆ ಈಗಿನ ಸಂಖ್ಯೆ 48. ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ಜಿಲ್ಲೆಯನ್ನು ಹೊಕ್ಕು, ಚಳಗೇರಿಯ ಟೋಲ್, ರಾಣೆಬೆನ್ನೂರು, ಹನುಮನಮಟ್ಟಿ, ಬ್ಯಾಡಗಿಗೆ ತಿರುವು ಕೊಡುವ ಮೋಟೆಬೆನ್ನೂರು, ಆಮೇಲೆ ಹಾವೇರಿ, ಅಲ್ಲಿಂದ ಬಂಕಾಪುರ, ಶಿಗ್ಗಾಂವಿ ಹೀಗೆ ಹುಬ್ಬಳ್ಳಿಯ ಕಡೆಗೆ ಸಾಗುತ್ತದೆ. ಪಶ್ಚಿಮಕ್ಕೆ ಹಾನಗಲ್ ಕಡೆ ಮಲೆನಾಡಿನ ಸೆರಗು, ಪೂರ್ವಕ್ಕೆ ರಾಣೆಬೆನ್ನೂರು ಕಡೆ ಕೃಷ್ಣಮೃಗ ಓಡಾಡುವ ಒಣ ಬಯಲು. ಹಾನಗಲ್ಲಿನಲ್ಲಿ ಜಿಟಿಜಿಟಿ ಹಿಡಿದಾಗ ರಾಣೆಬೆನ್ನೂರಿನಲ್ಲಿ ಧೂಳು ಏಳುತ್ತಿರುವುದು ಅಪರೂಪವಲ್ಲ. ಅರ್ಧ ತಾಸಿನ ಪ್ರಯಾಣದಲ್ಲಿ ಒಣ ರಸ್ತೆ, ಒದ್ದೆ ರಸ್ತೆ ಎರಡೂ ಸಿಗುವ ಇಂಥ ಕಡೆ ಇಡೀ ಜಿಲ್ಲೆಗೊಂದೇ ಹವಾಮಾನ ಎಚ್ಚರಿಕೆ ಕೊಟ್ಟರೆ ಚಾಲಕನಿಗೆ ಹೆಚ್ಚಿನ ಪ್ರಯೋಜನವಿಲ್ಲ.

ಕೆಟ್ಟ ಹವೆ ಎಂಬುದೂ ಒಂದೇ ಬಗೆಯದಲ್ಲ. ಏಪ್ರಿಲ್–ಮೇ ತಿಂಗಳ ಅಡ್ಡಮಳೆ ಗಾಳಿ, ಗುಡುಗು, ಕೆಲವೊಮ್ಮೆ ಆಣೆಕಲ್ಲಿನೊಂದಿಗೆ ಬಂದು ಅರ್ಧ ತಾಸಿನಲ್ಲಿ ಮುಗಿದುಹೋಗುತ್ತದೆ. ನೀರಿನ ಪ್ರಮಾಣ ಕಡಿಮೆಯಾದರೂ ಇದೇ ಮೋಸದ ಮಳೆ: ತಿಂಗಳುಗಟ್ಟಲೆ ಒಣಗಿದ ಡಾಂಬರಿನ ಮೇಲೆ ಕೂತ ಎಣ್ಣೆ, ರಬ್ಬರಿನ ಪುಡಿ, ಧೂಳು ಮೊದಲ ಹನಿಗಳಿಗೆ ಕಲಸಿ ಜಾರುವ ಲೇಪವಾಗುತ್ತದೆ. ಮಳೆ ಜೋರಾಗಿ ಸುರಿದು ಈ ಲೇಪ ತೊಳೆದುಹೋದ ಮೇಲೆ ಹಿಡಿತ ಸ್ವಲ್ಪ ಸುಧಾರಿಸುತ್ತದೆ. ಜೂನ್ ಮೊದಲ ವಾರದ ನಂತರ ಮಿರಗದ ಮಳೆಯೊಂದಿಗೆ ಬಿತ್ತನೆ ಶುರುವಾದರೆ ತೊಂದರೆಯ ರೂಪ ಬದಲಾಗುತ್ತದೆ. ಹೊಲದಿಂದ ಏರಿ ಬರುವ ಟ್ರ್ಯಾಕ್ಟರಿನ ಗಾಲಿಗಳು ಎರೆ ಮಣ್ಣಿನ ಹೆಂಟೆಗಳನ್ನು ಸರ್ವಿಸ್ ರಸ್ತೆಗೂ ಹೆದ್ದಾರಿಗೂ ತಂದು ಒಗೆಯುತ್ತವೆ, ಮೇಲೆ ಹನಿ ಬಿದ್ದರೆ ಅದು ರಾಡಿ. ದ್ವಿಚಕ್ರ ವಾಹನಕ್ಕೆ ಇದರಷ್ಟು ಅಪಾಯದ ನೆಲ ಇನ್ನೊಂದಿಲ್ಲ. ಸುಗ್ಗಿಯಲ್ಲಿ ಗೋವಿನಜೋಳದ ತೆನೆಯನ್ನೂ ಕಾಳನ್ನೂ ರಸ್ತೆಯ ಮೇಲೆ ಹರವುವ ರೂಢಿ ಬೇರೆ ಇದೆ. ಇನ್ನು ಡಿಸೆಂಬರ್–ಜನವರಿಯ ನಸುಕಿನಲ್ಲಿ ವರದಾ, ತುಂಗಭದ್ರಾ ಬಯಲಿನ ತಗ್ಗುಗಳಲ್ಲಿ ಮಂಜು ಕವಿಯುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ ತುಂಬತೊಡಗುವುದೂ ಆ ದಿನಗಳಲ್ಲೇ. ಸೋಮವಾರ, ಗುರುವಾರದ ಟೆಂಡರಿಗಾಗಿ ಹಿಂದಿನ ರಾತ್ರಿಯಿಡೀ ಚೀಲ ಹೇರಿದ ಲಾರಿಗಳು ಬಳ್ಳಾರಿ, ಆಂಧ್ರದ ಕಡೆಯಿಂದ ಬರುತ್ತವೆ. ಮಂಜೂ ದಟ್ಟಣೆಯೂ ಒಂದೇ ಹೊತ್ತಿಗೆ ಸೇರುವ ಇಂಥ ಕಾಕತಾಳೀಯವನ್ನು ಹೊರಗಿನಿಂದ ತಂದ ಯಾವ ಸಿದ್ಧ ಸೂತ್ರವೂ ತಾನಾಗಿ ಕಂಡುಕೊಳ್ಳಲಾರದು.

ನಿಲ್ಲುವ ಲೆಕ್ಕ

ಚಾಲಕ ಅಡ್ಡಿಯನ್ನು ಕಂಡ ಗಳಿಗೆಯಿಂದ ಕಾಲು ಬ್ರೇಕಿನ ಮೇಲೆ ಒತ್ತುವವರೆಗೆ ವಾಹನ ಅದೇ ವೇಗದಲ್ಲಿ ಓಡುತ್ತಿರುತ್ತದೆ. ರಸ್ತೆ ವಿನ್ಯಾಸದಲ್ಲಿ ಇದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹಿಡಿಯುವ ಸಮಯ 2.5 ಸೆಕೆಂಡು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಇಷ್ಟರಲ್ಲೇ ಸುಮಾರು 70 ಮೀಟರು ಕಳೆದಿರುತ್ತದೆ. ಆಮೇಲಿನದು ಟಯರಿನ ಹಿಡಿತದ ಮಾತು. ಒಣ ಡಾಂಬರಿನ ಮೇಲೆ ಘರ್ಷಣಾಂಕ 0.7ರ ಆಸುಪಾಸಿನಲ್ಲಿದ್ದರೆ ಇನ್ನು 56 ಮೀಟರಿನಲ್ಲಿ ವಾಹನ ನಿಲ್ಲುತ್ತದೆ. ಒದ್ದೆಯಾಗಿ ಅದು 0.4ಕ್ಕೆ ಇಳಿದರೆ 98 ಮೀಟರು ಬೇಕು. ಒಟ್ಟು ದೂರ 126ರಿಂದ 168 ಮೀಟರಿಗೆ ಏರಿತು. ಇದೇ ಕಾರಣಕ್ಕೆ 100 ಕಿ.ಮೀ. ವೇಗದ ರಸ್ತೆಯಲ್ಲಿ ಕನಿಷ್ಠ 180 ಮೀಟರು ಕಾಣಬೇಕೆಂದು ವಿನ್ಯಾಸಕಾರರು ಇಟ್ಟುಕೊಳ್ಳುತ್ತಾರೆ. ತಿರುವು, ಏರು ನೋಡಿ ಅಷ್ಟು ದೂರ ಕಾಣುವಂತೆ ರಸ್ತೆ ಕಟ್ಟಬಹುದು. ಮಳೆ, ಮಂಜು ಆ ದೂರವನ್ನು ಕಿತ್ತುಕೊಂಡರೆ ಕಟ್ಟಿದವರು ಏನೂ ಮಾಡಲಾರರು.

ಲೆಕ್ಕವನ್ನು ತಿರುಗಿಸಿ ಹಾಕಿದರೆ ಬೇಕಾದ ಉತ್ತರ ಸಿಗುತ್ತದೆ. ಒದ್ದೆ ರಸ್ತೆಯಲ್ಲಿ 100 ಮೀಟರು ಕಾಣುತ್ತಿದ್ದರೆ ನಿಲ್ಲಬಲ್ಲ ವೇಗ ಸುಮಾರು 71 ಕಿ.ಮೀ. 50 ಮೀಟರು ಕಂಡರೆ ಸುಮಾರು 44. ಕಾಣುವ ದೂರ ಅರ್ಧವಾದರೂ ವೇಗ ಅರ್ಧಕ್ಕಿಂತ ತುಸು ಮೇಲೆಯೇ ನಿಲ್ಲುತ್ತದೆ, ಏಕೆಂದರೆ ಬ್ರೇಕಿನ ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ರಾಡಿಯಲ್ಲಿ ಘರ್ಷಣಾಂಕ 0.25ಕ್ಕೆ ಇಳಿದರೆ 80 ಕಿ.ಮೀ. ವೇಗದ ವಾಹನಕ್ಕೂ 150 ಮೀಟರಿಗಿಂತ ಹೆಚ್ಚು ಬೇಕು. ಇನ್ನೊಂದು ಅಪಾಯ ನೀರಿನ ಮೇಲೆ ಟಯರು ತೇಲುವುದು. ರಸ್ತೆಯ ಮೇಲೆ ನೀರಿನ ಪದರ ದಪ್ಪಗಿದ್ದು, ಅದನ್ನು ಹೊರತಳ್ಳುವಷ್ಟು ಹೊತ್ತು ಟಯರಿನ ಗೀರುಗಳಿಗೆ ಸಿಗದಿದ್ದರೆ ಗಾಲಿ ನೆಲ ಬಿಟ್ಟು ನೀರಿನ ಮೇಲೆ ಸಾಗುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ ವಾಹನ ಕೇಳುವುದಿಲ್ಲ. ವಿಮಾನದ ಟಯರುಗಳ ಮೇಲೆ ಅಮೆರಿಕದ ನಾಸಾ ನಡೆಸಿದ ಪ್ರಯೋಗಗಳಿಂದ ಹುಟ್ಟಿದ ಸೂತ್ರದ ಪ್ರಕಾರ, ಕಾರಿನ ಟಯರಿನಲ್ಲಿರುವ ಸಾಮಾನ್ಯ ಗಾಳಿ ಒತ್ತಡಕ್ಕೆ ಇದು ಗಂಟೆಗೆ ಸುಮಾರು 90 ಕಿ.ಮೀ.ನ ಹತ್ತಿರ ಶುರುವಾಗುತ್ತದೆ. ಗೀರು ಸವೆದ ಟಯರಿಗೆ ಇನ್ನೂ ಮೊದಲೇ.

ರಾತ್ರಿಯಲ್ಲಿ ಕಾಣುವ ದೂರ ಕುಗ್ಗಲು ಮಂಜು ಬೇಕಾಗಿಲ್ಲ, ಮಳೆಯೂ ಬೇಕಾಗಿಲ್ಲ. ಡಿಪ್ ಲೈಟಿನಲ್ಲಿ ಬೆಳಕಿಲ್ಲದ ವಸ್ತು ಸ್ಪಷ್ಟವಾಗಿ ಕಾಣುವುದು 40–60 ಮೀಟರಿನಷ್ಟು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲೂಕಿನವರ ಟೆಂಪೊ ಟ್ರಾವೆಲರ್ ಹೆದ್ದಾರಿ ಬದಿಯಲ್ಲಿ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ 13 ಮಂದಿ ಸತ್ತರು. ಅದನ್ನು ಹವಾಮಾನದ ಅಪಘಾತವೆಂದು ಹೇಳಲು ಬರುವುದಿಲ್ಲ. ಆದರೆ ನಿಂತ ಲಾರಿ, ನಸುಕಿನ ಕತ್ತಲು, ದೂರ ಪ್ರಯಾಣದ ದಣಿವು ಈ ಮೂರರ ಮೇಲೆ ಮಳೆಯ ಪರದೆಯೊಂದನ್ನು ಇಳಿಬಿಟ್ಟರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಎಷ್ಟು ವೇಗ ಎಂಬ ಪ್ರಶ್ನೆಗೆ ಹಿಂದೆ ರೇಡಿಯಂ ಪಟ್ಟಿ ಅಂಟಿಸಿದ ಲಾರಿಗೊಂದು ಉತ್ತರ, ಅಂಟಿಸದ ಟ್ರೇಲರಿಗೆ ಇನ್ನೊಂದು.

ಸರಳ ನಿಯಮ ಸಾಲದೆ?

ಕಲಿಯುವ ಯಂತ್ರವಿಲ್ಲದೆಯೂ ಹವೆಗೆ ತಕ್ಕ ವೇಗ ಹೇಳಬಹುದು. ಫ್ರಾನ್ಸಿನ ಹೆದ್ದಾರಿಗಳಲ್ಲಿ ಸಾಮಾನ್ಯ ಮಿತಿ 130 ಕಿ.ಮೀ.; ಮಳೆ ಬಂದರೆ 110; ಕಾಣುವ ದೂರ 50 ಮೀಟರಿಗಿಂತ ಕಡಿಮೆಯಾದರೆ 50. ಜರ್ಮನಿಯಲ್ಲೂ 50 ಮೀಟರಿಗೆ 50 ಕಿ.ಮೀ. ಎಂಬುದೇ ನಿಯಮ. ಮೇಲಿನ ಲೆಕ್ಕದ 44ಕ್ಕೆ ಇದು ಎಷ್ಟು ಹತ್ತಿರವಿದೆ ಎನ್ನುವುದು ಗಮನಾರ್ಹ. ಅಮೆರಿಕದ ಟೆನೆಸೀ ರಾಜ್ಯದ ಕ್ಯಾಲ್‌ಹೂನ್ ಬಳಿ 1990ರ ಡಿಸೆಂಬರ್ 11ರಂದು ಮಂಜಿನಲ್ಲಿ 99 ವಾಹನಗಳು ಒಂದಕ್ಕೊಂದು ಗುದ್ದಿ 12 ಮಂದಿ ಸತ್ತ ಮೇಲೆ, ಆ ರಸ್ತೆಯುದ್ದಕ್ಕೂ ಮಂಜು ಅಳೆಯುವ ಸಂವೇದಕಗಳನ್ನೂ ಬದಲಾಗುವ ಫಲಕಗಳನ್ನೂ ನಿಲ್ಲಿಸಿದರು. ಮಂಜು ಹೆಚ್ಚಿದಂತೆ ಮಿತಿ ಮೊದಲು ಗಂಟೆಗೆ 80 ಕಿ.ಮೀ.ಗೆ, ಆಮೇಲೆ 56ಕ್ಕೆ ಇಳಿಯುತ್ತದೆ. ಕಾಣುವ ದೂರ ಸುಮಾರು 73 ಮೀಟರಿಗಿಂತ ಕಡಿಮೆಯಾದರೆ ರಸ್ತೆಯನ್ನೇ ಮುಚ್ಚಿ ವಾಹನಗಳನ್ನು ಬೇರೆ ದಾರಿಗೆ ಕಳಿಸುತ್ತಾರೆ. ಇದರಲ್ಲಿ ಕಲಿಕೆ ಏನೂ ಇಲ್ಲ, ಇಷ್ಟಾದರೆ ಇಷ್ಟು ಎಂಬ ಕೋಷ್ಟಕವಷ್ಟೇ.

ಕೋಷ್ಟಕದ ಕಷ್ಟವಿರುವುದು ಅದು ಬೇಡುವ ಅಳತೆಗಳಲ್ಲಿ. ಟೆನೆಸೀಯ ಆ ರಸ್ತೆಯಲ್ಲಿ ಮಂಜು ಕವಿಯುವ ಜಾಗ ಮೊದಲೇ ಗೊತ್ತಿತ್ತು, ಅಲ್ಲಿ ಮಾತ್ರ ಉಪಕರಣ ಹಾಕಿದರೆ ಸಾಕಿತ್ತು. ಹರಿಹರದಿಂದ ಶಿಗ್ಗಾಂವಿವರೆಗೆ ಕಿ.ಮೀ.ಗೊಂದರಂತೆ ಹಿಡಿತ, ನೀರಿನ ಪದರ, ಕಾಣುವ ದೂರ ಮೂರನ್ನೂ ಅಳೆಯುವ ಉಪಕರಣ ನಿಲ್ಲಿಸುವುದು ದುಬಾರಿ ಕೆಲಸ. ನಾಲ್ಕಾರು ಕಡೆ ಅಳೆದದ್ದರಿಂದ ಉಳಿದ ಕಡೆ ಏನಿದ್ದೀತು ಎಂದು ಅಂದಾಜಿಸುವುದು, ಈಗ ಬಿದ್ದ ಮಳೆಯಿಂದ ಇನ್ನು ಕಾಲು ತಾಸಿಗೆ ರಸ್ತೆ ಹೇಗಿದ್ದೀತು ಎಂದು ಹೇಳುವುದು, ಮಳೆ ನಿಂತ ಮೇಲೆ ಗಾಳಿ, ಬಿಸಿಲು, ಇಳಿಜಾರು ನೋಡಿ ಯಾವ ತುಂಡು ಎಷ್ಟು ಹೊತ್ತಿಗೆ ಒಣಗೀತು ಎಂದು ಲೆಕ್ಕ ಹಾಕುವುದು, ಇವೇ ಯಂತ್ರಕಲಿಕೆಗೆ ಒಪ್ಪುವ ಕೆಲಸಗಳು.

ಯಂತ್ರಕಲಿಕೆಯೆಂದರೆ ಸೂತ್ರವನ್ನು ಮೊದಲೇ ಬರೆದುಕೊಡದೆ, ಉದಾಹರಣೆಗಳನ್ನು ಕೊಟ್ಟು ಸಂಬಂಧವನ್ನು ಗಣಕವೇ ಹುಡುಕುವಂತೆ ಮಾಡುವುದು. ಬ್ಯಾಡಗಿ ಪೇಟೆಯಲ್ಲಿ ಪಳಗಿದ ಖರೀದಿದಾರ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದರೆ ಮೆಣಸಿನಕಾಯಿ ಡಬ್ಬಿ ತಳಿಯೋ ಕಡ್ಡಿ ತಳಿಯೋ, ಬಣ್ಣ ಎಷ್ಟು, ಹಸಿ ಎಷ್ಟು ಎಂದು ಹೇಳಿಬಿಡುತ್ತಾನೆ. ಕೇಳಿದರೆ ನಿಯಮ ಹೇಳಲಾರ, ಸಾವಿರಾರು ಚೀಲ ನೋಡಿದ ಅಭ್ಯಾಸ ಅದು. ಗಣಕಕ್ಕೂ ಹಾಗೆಯೇ ಸಾವಿರಾರು ಕಾಲು ತಾಸುಗಳ ದಾಖಲೆ ಕೊಡಬೇಕು: ಇಷ್ಟು ಮಳೆ, ಇಂಥ ಗಾಳಿ, ಇಷ್ಟು ಉಷ್ಣತೆ, ಇಂಥ ಹೊತ್ತು, ಆಗ ರಸ್ತೆಯ ಹಿಡಿತ ಇಷ್ಟಿತ್ತು ಎಂದು. ಸಾಮಾನ್ಯವಾಗಿ ಬಳಸುವ ಒಂದು ವಿಧಾನ ಪ್ರಶ್ನೆಗಳ ಕವಲು ಮರ. ಕಳೆದ 15 ನಿಮಿಷದಲ್ಲಿ ಮಳೆ ಬಿತ್ತೆ, ಬಿದ್ದರೆ ಎಷ್ಟು ಮಿ.ಮೀ., ಅದಕ್ಕೂ ಮೊದಲು ಎಷ್ಟು ದಿನ ಒಣಗಿತ್ತು ಎಂದು ಕೇಳುತ್ತ ಹೋಗುವ ಇಂಥ ನೂರಾರು ಮರಗಳನ್ನು ಬೆಳೆಸಿ, ಅವುಗಳ ಉತ್ತರಗಳ ಸರಾಸರಿ ಹಿಡಿಯುತ್ತಾರೆ. ಕೊನೆಯ ಪ್ರಶ್ನೆ ಇದ್ದರೆ ಅಡ್ಡಮಳೆಯ ಮೋಸ ಅದಕ್ಕೆ ತಾನಾಗಿ ತಿಳಿಯುತ್ತದೆ. ಕ್ಯಾಮೆರಾದ ಚಿತ್ರ ನೋಡಿ ರಸ್ತೆ ಒಣಗಿದೆಯೋ ಒದ್ದೆಯೋ ನೀರು ನಿಂತಿದೆಯೋ ಎಂದು ಹೇಳಲು ನರಜಾಲಗಳು, ಅಂದರೆ ನ್ಯೂರಲ್ ನೆಟ್‌ವರ್ಕುಗಳು, ಬೇಕು. ನರಜಾಲ ಹೆಚ್ಚು ಚುರುಕು, ಆದರೆ ಏಕೆ ಹಾಗೆ ಹೇಳಿತು ಎಂದು ವಿವರಿಸುವುದು ಕಷ್ಟ. ವೇಗದ ಮಿತಿಯಂಥ ವಿಷಯಕ್ಕೆ, ನಾಳೆ ಯಾರಾದರೂ ಪ್ರಶ್ನಿಸಿದಾಗ ಉತ್ತರ ಹೇಳಬಲ್ಲ ಮರಗಳೇ ಮೇಲು.

ಮಾಹಿತಿ ಎಲ್ಲಿಂದ?

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಅನುಕೂಲವಿದೆ, ಬಹಳ ರಾಜ್ಯಗಳಿಗೆ ಅದು ಇಲ್ಲ. 1988ರಲ್ಲಿ ಬರ ಗಮನಿಸುವ ಘಟಕವಾಗಿ ಶುರುವಾದ, ಈಗಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. 15 ನಿಮಿಷಕ್ಕೊಮ್ಮೆಯ ಮಳೆಯ ಲೆಕ್ಕ ಅವುಗಳಿಂದ ಬೆಂಗಳೂರಿಗೆ ಹೋಗುತ್ತದೆ. ಬೆಳೆ ವಿಮೆಗೆ, ಸಿಡಿಲಿನ ಎಚ್ಚರಿಕೆಗೆ, ನೆರೆಯ ಮುನ್ಸೂಚನೆಗೆ ಆ ಕೇಂದ್ರದ ಮಾಹಿತಿಯನ್ನು ಬಳಸುವುದು ಎಲ್ಲರಿಗೂ ಗೊತ್ತು. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ತಾಲೂಕುಗಳಲ್ಲಿ ಹೆದ್ದಾರಿಯ ಎರಡೂ ಬದಿಯ ಪಂಚಾಯಿತಿಗಳ ಮಾಪಕಗಳನ್ನು ಒಂದು ಸಾಲಿನಲ್ಲಿ ಇಟ್ಟು ನೋಡಿದರೆ, ಮಳೆಯ ಮೋಡ ಪಶ್ಚಿಮದಿಂದ ಸರಿಯುತ್ತ ಮೋಟೆಬೆನ್ನೂರನ್ನು ಯಾವಾಗ ಮುಟ್ಟುತ್ತದೆ ಎಂದು ಹೇಳಲು ಬೇಕಾದ ಕಚ್ಚಾ ಸರಕು ಅಲ್ಲೇ ಇದೆ. ಹನುಮನಮಟ್ಟಿಯ ಕೃಷಿ ಸಂಶೋಧನಾ ಕೇಂದ್ರ ಹೆದ್ದಾರಿಯ ಮಗ್ಗುಲಲ್ಲೇ ಇದೆ. ಹೊಲಕ್ಕಾಗಿ ಅಳೆದ ಮಳೆ ಈ ತನಕ ರಸ್ತೆಯ ಕೆಲಸಕ್ಕೆ ಬರುವುದೆಂದು ಹೆಚ್ಚು ಮಂದಿ ಯೋಚಿಸಿಲ್ಲ, ಅಷ್ಟೆ.

ಮಳೆಮಾಪಕ ಹೇಳುವುದು ಮಳೆಯನ್ನು. ರಸ್ತೆಯ ಮೇಲೆ ನಿಂತ ನೀರನ್ನಲ್ಲ. ಎರಡರ ನಡುವಿನ ಕೊಂಡಿಗೆ ಕೆಲವು ಕಡೆಯಾದರೂ ರಸ್ತೆಯನ್ನೇ ನೋಡುವ ಉಪಕರಣ ಬೇಕು. ನೀರು ಅವಕೆಂಪು ಬೆಳಕಿನ ಕೆಲವು ಅಲೆಗಳನ್ನು ಹೀರಿಕೊಳ್ಳುತ್ತದೆ. ಕಂಬದ ಮೇಲಿನಿಂದ ಬೆಳಕು ಬಿಟ್ಟು, ಮರಳಿ ಬಂದದ್ದನ್ನು ಅಳೆದು ನೀರಿನ ಪದರದ ದಪ್ಪ ಹೇಳುವ ಸಂವೇದಕಗಳು ಈ ತತ್ವದ ಮೇಲೆ ಕೆಲಸ ಮಾಡುತ್ತವೆ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಂಚಾರ ನಿರ್ವಹಣಾ ವ್ಯವಸ್ಥೆಯ ಮಾನದಂಡಗಳಲ್ಲಿ ಕ್ಯಾಮೆರಾ, ಬದಲಾಗುವ ಸಂದೇಶ ಫಲಕ, ಹವಾಮಾನ ಸಂವೇದಕಗಳಿಗೆ ಜಾಗವಿದೆ. ವಾಹನಗಳೇ ಇನ್ನೊಂದು ಮೂಲ. ಬಸ್ಸು, ಟ್ಯಾಕ್ಸಿಗಳಲ್ಲಿ ಕಡ್ಡಾಯವಾದ ಸ್ಥಳ ಪತ್ತೆ ಸಾಧನಗಳು ವೇಗವನ್ನೂ ದಾಖಲಿಸುತ್ತವೆ. ವಾಯವ್ಯ ಸಾರಿಗೆಯ ಹತ್ತು ಬಸ್ಸುಗಳು ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಗಕ್ಕನೆ ಬ್ರೇಕ್ ಹಾಕಿದರೆ ಅಲ್ಲೇನೋ ಇದೆ ಎಂದರ್ಥ. ಅನುಭವಿ ಬಸ್ ಚಾಲಕರು ಮಳೆಯಲ್ಲಿ ತಾವಾಗಿ ಆರಿಸಿಕೊಳ್ಳುವ ವೇಗವನ್ನು ಕಲಿಕೆಯ ಪಾಠವಾಗಿ ಬಳಸುವುದು ಒಳ್ಳೆಯ ಉಪಾಯ. ಆ ದಾರಿಯ ಪ್ರತಿ ತಗ್ಗು ಅವರಿಗೆ ಗೊತ್ತು.

ಅಪಘಾತದ ದಾಖಲೆಗಳ ಮೇಲೆ ನೇರವಾಗಿ ಕಲಿಸಿದರೆ ಮಾತ್ರ ಯಂತ್ರ ದಾರಿ ತಪ್ಪುತ್ತದೆ. 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಮಂದಿ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದೇ ವರದಿಯ ಪ್ರಕಾರ ಸುಮಾರು ಮುಕ್ಕಾಲು ಭಾಗ ಅಪಘಾತಗಳು ಬಿಸಿಲಿನ, ತಿಳಿ ಹವೆಯಲ್ಲಿ ನಡೆದವು. ಇಷ್ಟನ್ನೇ ಓದಿಕೊಂಡ ಯಂತ್ರ ಮಳೆಯೇ ಕ್ಷೇಮ ಎಂದು ತೀರ್ಮಾನಿಸಬಹುದು. ವರ್ಷದ ಬಹುಪಾಲು ಹೊತ್ತು ಬಿಸಿಲೇ ಇರುತ್ತದೆ, ಮಳೆಯಲ್ಲಿ ಬಹಳ ಮಂದಿ ಹೊರಗೇ ಬರುವುದಿಲ್ಲ ಎಂಬುದನ್ನು ಅದಕ್ಕೆ ಹೇಳಿಕೊಡಬೇಕು, ಅಂದರೆ ಆ ಹೊತ್ತಿನಲ್ಲಿ ಎಷ್ಟು ವಾಹನ ಓಡಾಡುತ್ತಿದ್ದವು ಎಂಬ ಲೆಕ್ಕ ಕೊಡಬೇಕು. ಚಳಗೇರಿ, ಬಂಕಾಪುರ ಟೋಲ್‌ಗಳ ಫಾಸ್ಟ್ಯಾಗ್ ಎಣಿಕೆ ಇದಕ್ಕೆ ಸಾಕಷ್ಟು ಒಳ್ಳೆಯ ಮೂಲ.

ಕಾರಣದ ಕಾಲಮ್ಮಿನ ತೊಂದರೆ ಇನ್ನೂ ಆಳವಾದದ್ದು. 2022ರ ಸಾವುಗಳಲ್ಲಿ ಶೇ. 71ರಷ್ಟು ಅತಿವೇಗದ ಲೆಕ್ಕಕ್ಕೆ ಸೇರಿವೆ. ಠಾಣೆಯ ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆಯಿಂದ’ ಎಂಬ ಮಾತು ಬಹುತೇಕ ಅಚ್ಚೊತ್ತಿದಂತೆ ಬರುತ್ತದೆ, ಏಕೆಂದರೆ ಕಾನೂನಿನ ಕಲಂ ಅದನ್ನೇ ಕೇಳುತ್ತದೆ. ಯಾವ ವೇಗ, ಯಾವುದಕ್ಕಿಂತ ಅತಿ, ರಸ್ತೆ ಒದ್ದೆಯಿತ್ತೆ, ನಿಂತ ಲಾರಿಗೆ ದೀಪವಿತ್ತೆ ಎಂಬ ವಿವರ ಅಲ್ಲಿ ಸಿಗದಿದ್ದರೆ ಯಂತ್ರ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಮದ್ರಾಸ್ ಐಐಟಿ ರೂಪಿಸಿ 2021ರಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಪ್ರಯೋಗಕ್ಕಿಳಿದ ಏಕೀಕೃತ ರಸ್ತೆ ಅಪಘಾತ ದತ್ತಾಂಶ ವ್ಯವಸ್ಥೆಯಲ್ಲಿ ಪೊಲೀಸರು ಸ್ಥಳದಿಂದಲೇ ಮೊಬೈಲಿನಲ್ಲಿ ಚಿತ್ರ, ಜಾಗದ ಗುರುತುಗಳನ್ನು ತುಂಬುತ್ತಾರೆ. ಜಾಗ ಮತ್ತು ಹೊತ್ತು ನಿಖರವಾದರೆ ಹವೆಯನ್ನು ಕಾಲಮ್ಮಿನಲ್ಲಿ ಬರೆಯಬೇಕಾಗಿಯೂ ಇಲ್ಲ, ಹತ್ತಿರದ ಮಳೆಮಾಪಕದ ದಾಖಲೆಯನ್ನು ಅದಕ್ಕೆ ಜೋಡಿಸಿದರಾಯಿತು.

ಅಪಘಾತ ಅಪರೂಪದ ಘಟನೆ ಎಂಬುದು ಸಮಾಜಕ್ಕೆ ಒಳ್ಳೆಯದು, ಯಂತ್ರಕ್ಕೆ ಕೆಟ್ಟದ್ದು. ಹತ್ತು ಸಾವಿರ ಕಾಲು ತಾಸುಗಳಲ್ಲಿ ಹತ್ತರಲ್ಲಿ ಮಾತ್ರ ಅಪಘಾತವಾಗಿದೆ ಎಂದಿಟ್ಟುಕೊಂಡರೆ, ಕಣ್ಣು ಮುಚ್ಚಿ ‘ಏನೂ ಆಗುವುದಿಲ್ಲ’ ಎನ್ನುವ ಯಂತ್ರವೂ ನೂರಕ್ಕೆ 99.9ರಷ್ಟು ಸರಿ. ಇಂಥ ಅಂಕಿಯನ್ನು ಜಾಹೀರಾತಿನಲ್ಲಿ ಹಾಕಿದವರನ್ನು ನಂಬಬಾರದು. ಕೇಳಬೇಕಾದದ್ದು: ಆ ಹತ್ತರಲ್ಲಿ ಎಷ್ಟನ್ನು ಮೊದಲೇ ಹೇಳಿತು, ಸುಮ್ಮಸುಮ್ಮನೆ ಎಷ್ಟು ಸಲ ಕೂಗಿತು? ಆದ್ದರಿಂದಲೇ ಯಂತ್ರವನ್ನು ಅಪಘಾತ ಊಹಿಸಲು ಕೂರಿಸುವುದಕ್ಕಿಂತ ಹಿಡಿತ ಮತ್ತು ಕಾಣುವ ದೂರವನ್ನು ಅಂದಾಜಿಸಲು ಕೂರಿಸುವುದು ವಿವೇಕದ ದಾರಿ. ಅವು ಪ್ರತಿ ಗಳಿಗೆಯೂ ಇರುವ ಸಂಗತಿಗಳು. ಉದಾಹರಣೆಗೆ ಬರವಿಲ್ಲ, ತಪ್ಪಿದರೆ ಅಳೆದು ತೋರಿಸಬಹುದು. ಅವೆರಡು ಸಿಕ್ಕ ಮೇಲೆ ವೇಗವನ್ನು ಕೊಡುವುದು ಮೇಲೆ ಹೇಳಿದ ಹಳೆಯ ಭೌತಶಾಸ್ತ್ರ, ಯಂತ್ರವಲ್ಲ.

ಬೇರೆ ಊರಿನಲ್ಲಿ ಕಲಿತ ಯಂತ್ರವನ್ನು ಇಲ್ಲಿಗೆ ತಂದು ನಿಲ್ಲಿಸುವುದೂ ಆಗದ ಮಾತು. ಯುರೋಪಿನ ಬಹಳಷ್ಟು ಮಾದರಿಗಳ ಪಾಠ ಹಿಮ ಮತ್ತು ಮಂಜುಗಡ್ಡೆ. ಅವುಗಳಿಗೆ ಎರೆ ರಾಡಿ ಗೊತ್ತಿಲ್ಲ, ಒಕ್ಕಣೆಯ ಕಾಳು ಗೊತ್ತಿಲ್ಲ, ತಪ್ಪು ದಿಕ್ಕಿನಲ್ಲಿ ಬರುವ ಬೈಕು ಗೊತ್ತಿಲ್ಲ. ಪರೀಕ್ಷೆಯೂ ಕಟ್ಟುನಿಟ್ಟಾಗಿರಬೇಕು: ಹಾವೇರಿಯ ತುಂಡಿನಲ್ಲಿ ಕಲಿತದ್ದನ್ನು ರಾಣೆಬೆನ್ನೂರಿನ ತುಂಡಿನಲ್ಲಿ, ಎರಡು ಮಳೆಗಾಲದಲ್ಲಿ ಕಲಿತದ್ದನ್ನು ಮೂರನೆಯದರಲ್ಲಿ ಒರೆಗೆ ಹಚ್ಚಬೇಕು. ಒಂದೇ ಮಳೆಯ ಮೊದಲರ್ಧ ಕಲಿಸಿ ಉಳಿದರ್ಧದಲ್ಲಿ ಪರೀಕ್ಷಿಸಿದರೆ ಅಂಕ ಚೆನ್ನಾಗಿ ಬರುತ್ತದೆ, ರಸ್ತೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ಫಲಕ ಮತ್ತು ಚಾಲಕ

ಅಂದಾಜು ಫಲಕವಾಗುವ ಹಾದಿಯಲ್ಲಿ ಕೆಲವು ಕಟ್ಟಳೆಗಳು ಬೇಕು. ಯಂತ್ರಕ್ಕೆ ಮಿತಿಯನ್ನು ಇಳಿಸುವ ಅಧಿಕಾರ ಮಾತ್ರ ಇರಬೇಕು. ಕಾಯಂ ಮಿತಿಯ ಮೇಲೆ ಏರಿಸುವ ಅಧಿಕಾರ ಸಲ್ಲದು. ಸಿಡಿಲಿಗೆ ಮಾಪಕ ಸುಟ್ಟಿತು, ಕ್ಯಾಮೆರಾದ ಗಾಜಿಗೆ ಕೆಸರು ಸಿಡಿಯಿತು, ನೆಟ್‌ವರ್ಕ್ ಹೋಯಿತು ಎಂದರೆ ಮಾಹಿತಿ ಇಲ್ಲದ್ದನ್ನು ಮಳೆ ಇಲ್ಲದ್ದೆಂದು ಓದಬಾರದು. ದೊಡ್ಡ ಮಳೆಯಲ್ಲೇ ಉಪಕರಣ ಕೈಕೊಡುವುದು ಹೆಚ್ಚು, ಆಗಲೇ ಸಂಖ್ಯೆ ಏರಿಬಿಟ್ಟರೆ ಎಲ್ಲ ತಲೆಕೆಳಗು. ಫಲಕ ನಿಮಿಷಕ್ಕೊಮ್ಮೆ 80, 60, 80 ಎಂದು ಕುಣಿಯಬಾರದು. ಇಳಿಸಲು ಬೇಗ, ಏರಿಸಲು ನಿಧಾನ ಎಂಬ ನಿಯಮ ಇರಬೇಕು. 100ರಿಂದ ಒಮ್ಮೆಲೆ 40ಕ್ಕೆ ಇಳಿಸಿದರೆ ಮುಂದಿನವ ಬ್ರೇಕ್ ಹಾಕಿ ಹಿಂದಿನವ ಗುದ್ದುವುದು ಖಚಿತ, ಹಾಗಾಗಿ ಫಲಕದಿಂದ ಫಲಕಕ್ಕೆ 20ರಂತೆ ಇಳಿಸುತ್ತ ಬರಬೇಕು.

ವೇಗಗಳ ಅಂತರ ಇಲ್ಲಿಯ ವಿಶೇಷ ಸಮಸ್ಯೆ. ಕೇಂದ್ರದ 2018ರ ಅಧಿಸೂಚನೆಯಂತೆ ನಾಲ್ಕು ಮತ್ತು ಹೆಚ್ಚು ಪಥದ ವಿಭಜಿತ ಹೆದ್ದಾರಿಯಲ್ಲಿ ಕಾರಿಗೆ 100, ಲಾರಿಗೆ 80, ಬೈಕಿಗೆ 80 ಕಿ.ಮೀ. ಮಿತಿ. ಅದೇ ರಸ್ತೆಯಲ್ಲಿ ಕಬ್ಬು, ಗೋವಿನಜೋಳ ಹೇರಿದ ಟ್ರ್ಯಾಕ್ಟರು 20–25ರಲ್ಲಿ ತೆವಳುತ್ತಿರುತ್ತದೆ. ಮಳೆಯಲ್ಲಿ ಹೆದರಿದವ 40ಕ್ಕೆ ಇಳಿಯುತ್ತಾನೆ, ಹೆದರದವ 90ರಲ್ಲೇ ಇರುತ್ತಾನೆ. ಈ ಅಂತರವೇ ಗುದ್ದಾಟಕ್ಕೆ ದಾರಿ. ಲೆಕ್ಕ 44 ಎಂದಿತು ಎಂದು 44 ಬರೆದು, ನಾಲ್ಕರಲ್ಲಿ ಒಬ್ಬ ಮಾತ್ರ ಪಾಲಿಸಿದರೆ ಅಪಾಯ ಕಡಿಮೆಯಾಗುವ ಬದಲು ಹೆಚ್ಚಬಹುದು. ಎಲ್ಲರೂ 60ಕ್ಕೆ ಇಳಿಯುವುದು, ಒಬ್ಬ 44ಕ್ಕೆ ಇಳಿದು ಉಳಿದವರು 90ರಲ್ಲಿ ಓಡುವುದಕ್ಕಿಂತ ಮೇಲು. ಯಂತ್ರಕ್ಕೆ ಇದನ್ನೂ ಕಲಿಸಬೇಕಾಗುತ್ತದೆ.

ಪಾಲನೆಯ ಬಗ್ಗೆ ಫಿನ್ಲೆಂಡಿನ ಅನುಭವ ವಿನಯ ಕಲಿಸುವಂಥದು. ಅಲ್ಲಿ ಕೋಟ್ಕಾ–ಹಾಮಿನಾ ನಡುವಿನ ಇ–18 ಹೆದ್ದಾರಿಯಲ್ಲಿ 1990ರ ದಶಕದಲ್ಲೇ ಹವಾಮಾನ ಕೇಂದ್ರಗಳ ಅಳತೆಯಂತೆ ಬದಲಾಗುವ ಮಿತಿ ಜಾರಿಗೆ ಬಂತು. ಚಳಿಗಾಲದಲ್ಲಿ ಮಿತಿಯನ್ನು 100ರಿಂದ 80ಕ್ಕೆ ಇಳಿಸಿದಾಗ, ಕೆಟ್ಟ ಹವೆಗೆ ಜನ ತಾವಾಗಿ ಇಳಿಸಿಕೊಂಡದ್ದರ ಮೇಲೆ, ಫಲಕದಿಂದ ಸರಾಸರಿ ವೇಗ ಕಡಿಮೆಯಾದದ್ದು ಗಂಟೆಗೆ ಮೂರೂವರೆ ಕಿ.ಮೀ.ನ ಆಸುಪಾಸು. ಫಲಕದ ಮೇಲೆ ಇಪ್ಪತ್ತು, ರಸ್ತೆಯ ಮೇಲೆ ಮೂರೂವರೆ. ಇದನ್ನು ಸೋಲೆನ್ನಲಾಗದು, ಸರಾಸರಿ ಸ್ವಲ್ಪ ಇಳಿದರೂ ಸಾವುಗಳು ಇಳಿಯುತ್ತವೆ ಎಂಬುದು ರಸ್ತೆ ಸುರಕ್ಷತೆಯಲ್ಲಿ ಹಳೆಯ ಅರಿವು. ಅಮೆರಿಕದ ನ್ಯಾಶ್‌ವಿಲ್ ಬಳಿಯ 24ನೇ ಅಂತರರಾಜ್ಯ ಹೆದ್ದಾರಿಯಲ್ಲಿ 2024ರಿಂದ ಫಲಕದ ವೇಗಗಳನ್ನು ಬಲವರ್ಧನ ಕಲಿಕೆ ಎಂಬ ವಿಧಾನದಿಂದ ತರಬೇತಿ ಪಡೆದ ಯಂತ್ರವೇ ಆರಿಸುತ್ತಿದೆ. ಅದರ ಗುರಿ ಮುಖ್ಯವಾಗಿ ದಟ್ಟಣೆಯಲ್ಲಿ ಹುಟ್ಟುವ ದಿಢೀರ್ ನಿಲುಗಡೆಗಳನ್ನು ತಡೆಯುವುದು, ಹವಾಮಾನವಲ್ಲ. ಆದರೂ ಯಂತ್ರ ಆರಿಸಿದ ಸಂಖ್ಯೆ ನಿಜವಾದ ರಸ್ತೆಯ ಮೇಲೆ ಬೆಳಗಿದ ಉದಾಹರಣೆಯಾಗಿ ಅದು ಗಮನ ಸೆಳೆಯುತ್ತದೆ, ಮತ್ತು ಅಲ್ಲಿಯೂ ಯಂತ್ರದ ಆಯ್ಕೆ ನಿಯಮಗಳ ಜರಡಿ ದಾಟಿಯೇ ಫಲಕಕ್ಕೆ ಬರುತ್ತದೆ.

ಚಾಲಕ ಪಾಲಿಸಬೇಕಾದರೆ ಕಾರಣ ಕಾಣಬೇಕು. ಬರಿಯ 60 ಎಂಬ ಅಂಕಿಗಿಂತ ‘ಮುಂದೆ ಮಂಜು, 2 ಕಿ.ಮೀ.’ ಎಂಬ ಕನ್ನಡದ ಸಾಲು, ಪರರಾಜ್ಯದ ಲಾರಿಯವರಿಗಾಗಿ ಚಿತ್ರದ ಗುರುತು, ಎರಡೂ ಬೇಕು. ಎರಡು ಸಲ ಮಂಜಿಲ್ಲದ ಕಡೆ ಮಂಜು ಎಂದು ತೋರಿಸಿದರೆ ಮೂರನೆಯ ಸಲ ಯಾರೂ ನಂಬುವುದಿಲ್ಲ. ಫಲಕವಿಲ್ಲದ ಕಡೆ ಟೋಲ್ ಗೇಟಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಮೋಟೆಬೆನ್ನೂರಿನ ಢಾಬಾದ ಮುಂದೋ ಅದೇ ಸಾಲನ್ನು ತೋರಿಸಬಹುದು; ಲಾರಿಗಳು ನಿಲ್ಲುವುದು ಅಲ್ಲೇ.

ಕಾನೂನಿನ ದೃಷ್ಟಿಯಿಂದ ಬದಲಾಗುವ ಮಿತಿ ಅಸಾಧ್ಯವೇನಲ್ಲ. 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಂ, ಸಾರ್ವಜನಿಕ ಸುರಕ್ಷತೆಗಾಗಿ ಅಥವಾ ರಸ್ತೆ, ಸೇತುವೆಯ ಸ್ವರೂಪ ನೋಡಿ ವೇಗಮಿತಿ ಗೊತ್ತುಮಾಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಪ್ರಾಧಿಕಾರಕ್ಕೂ ಕೊಡುತ್ತದೆ. ಗೆಜೆಟ್ ಅಧಿಸೂಚನೆ ಬೇಕು, ಫಲಕ ನಿಲ್ಲಿಸಬೇಕು. ಆದರೆ ನಿರ್ಬಂಧ ಒಂದು ತಿಂಗಳಿಗಿಂತ ಹೆಚ್ಚು ಕಾಲ ಇರದಿದ್ದರೆ ಅಧಿಸೂಚನೆ ಬೇಕಿಲ್ಲ ಎಂದು ಅದೇ ಕಲಂ ಹೇಳುತ್ತದೆ. ಎರಡು ತಾಸಿನ ಮಳೆಗೆ ಇದು ಧಾರಾಳ. 2019ರ ತಿದ್ದುಪಡಿಯಿಂದ ಬಂದ 136ಎ ಕಲಂ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕ್ಯಾಮೆರಾ ಮೂಲಕ ನಿಗಾ ಇಡಲು ಅವಕಾಶ ಕೊಟ್ಟಿದೆ. ಬದಲಾದ ಮಿತಿಯ ಮೇಲೆ ದಂಡ ಹಾಕುವುದಾದರೆ, ಆ ನಿಮಿಷದಲ್ಲಿ ಫಲಕದ ಮೇಲೆ ಯಾವ ಸಂಖ್ಯೆ ಬೆಳಗುತ್ತಿತ್ತು, ಯಾವ ಅಳತೆಯಿಂದ ಅದು ಬಂತು ಎಂಬುದನ್ನು ದಂಡದ ಚೀಟಿಯೊಂದಿಗೆ ಕಾಯ್ದಿಡಬೇಕಾಗುತ್ತದೆ. ಇಲ್ಲದಿದ್ದರೆ ನ್ಯಾಯಾಲಯದಲ್ಲಿ ಅದು ನಿಲ್ಲುವುದಿಲ್ಲ. ಅದಕ್ಕೆ ತಯಾರಿ ಇಲ್ಲದ ಕಡೆ ಫಲಕದ ಸಂಖ್ಯೆಯನ್ನು ಸಲಹೆಯಾಗಿಯೇ ಇಟ್ಟುಕೊಳ್ಳಬಹುದು. ಸಲಹೆಯ ಫಲಕವಿದ್ದರೂ ಇಲ್ಲದಿದ್ದರೂ, ರಸ್ತೆ, ದಟ್ಟಣೆ, ಹವೆ ನೋಡಿ ವೇಗ ಹೊಂದಿಸಿಕೊಳ್ಳುವ ಹೊಣೆಯನ್ನು 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಚಾಲಕನ ಮೇಲೆಯೇ ಇರಿಸಿದೆ.